ಧೋತರದ ಮಡಿಕೆಯ ಗೊಣ್ಣೆ ಹುಳ

ಮಸರಕಲ್ಲಿನ ಶೇಂಗಾ ಹೊಲದಲ್ಲಿ ನಾಯಿಗಳು ಕೆದರಿದ ಜಾಗದಿಂದ ಒಂದು ಕೈ ಹೊರಬಂದಿತ್ತು. ಕೈ ಮೇಲಿನ ಹಚ್ಚೆ ನೋಡಿದ್ದೇ ತಡ, ಹೊಲದ ಒಡತಿ ದುರುಗಮ್ಮ ಕುಸಿದು ಕೂತಳು. ಎಂಟು ದಿನದಿಂದ ಕಾಣೆಯಾಗಿದ್ದ ಅವಳ ಗಂಡ ಮೂಕಪ್ಪ. ಅಗೆದು ಮೇಲೆತ್ತಿದಾಗ ತಲೆ ಒಡೆದಿತ್ತು.

ಆ ಎಂಟು ದಿನವೂ ಸಂಜೆ ಅವಳು ಇದೇ ಮಣ್ಣಿಗೆ ನೀರು ಚಿಮುಕಿಸಿದ್ದಳು. ಬೆನ್ನ ಹಿಂದೆ ಅವನ ಕೆಮ್ಮು ಕೇಳಿದಂತಾಗಿ ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಗಂಡನ ಮೇಲೇ ನೀರು ಸುರಿದೆನಲ್ಲಾ ಎಂದು ಈಗ ಹಣೆ ಬಡಿದುಕೊಂಡಳು.

ದೇವದುರ್ಗದಿಂದ ಪೊಲೀಸ್ ಅಮೀನ ಬಂದ. 1946, ನಿಜಾಮನ ಕಾಲ. ಅಮೀನ ಹೇಳಿದ್ದೇ ಕಾಯ್ದೆ.

"ಹೊಲಾ ನಿಂದು, ಗಂಡಾ ನಿನ್ನಾಂವ. ಇನ್ಯಾರ್ನ ಹಿಡೀಲಿ?"

ಪಕ್ಕದ ಹೊಲದ ಮರಿಸ್ವಾಮಿ ದನಿಗೂಡಿಸಿದ. "ರಾಯಚೂರ ಬೇಸಾಯದ ಸಾಹೇಬ್ರು ಕೊಟ್ಟ ಅದೇನೋ ಹುಳಾ ಹಾಕಿದಳ್ರಿ. ಅವತ್ತಿನಿಂದ ಈ ಮಣ್ಣಾಗ ಬರೇ ಹೆಣಾ."

*

ದುರುಗಮ್ಮನಿಗೆ ತೊಡಿಸಲು ಅಮೀನನ ಜವಾನ ಬೇಡಿ ಹೊರತೆಗೆದ. ಅವಳು ಕೊನೆಯ ಸಲ ಗಂಡನ ಮೈಮೇಲಿನ ಮಣ್ಣು ಒರೆಸತೊಡಗಿದಳು. ಧೋತರದ ಮಡಿಕೆಯಿಂದ ದಪ್ಪನೆಯ ಬಿಳಿ ಹುಳವೊಂದು ಅಂಗೈಗೆ ಬಿತ್ತು. ಮಿಸುಕಾಡಿತು.

ಅವಳ ಅಳು ನಿಂತೇಹೋಯಿತು.

"ಯಪ್ಪಾ, ಇದಕ್ಕ ಜೀವಾ ಅದ."

"ಗೊಣ್ಣಿ ಹುಳಾ. ಶೇಂಗಾದ ಬೇರು ತಿಂತದ. ಅದಕ್ಕೇನೀಗ?" ಅಂದ ಅಮೀನ.

"ನನ್ನ ಹೊಲದಾಗ ಒಂದೂ ಉಳದಿಲ್ರಿ. ಸಾಹೇಬ್ರು ಕೊಟ್ಟಿದ್ದು ಕಣ್ಣಿಗೆ ಕಾಣದಂಥ ಸಣ್ಣ ಹುಳಾ. ನೀರಾಗ ಕಲಸಿ ಮಣ್ಣಿಗೆ ಹಾಕಿದ್ವಿ. ಅವು ಗೊಣ್ಣಿ ಹುಳದ ಮೈಯಾಗ ಹೊಕ್ಕು ಎರಡು ಮೂರು ದಿನದಾಗ ಕೊಲ್ತಾವ. ಮಣ್ಣು ಆರಿದ್ರ ಅವೇ ಸಾಯ್ತಾವಂತ ದಿನಾ ನೀರು ಹಾಕಾಕತ್ತಿದ್ದೆ. ನನ್ನ ಗಂಡ ಎಂಟು ದಿನಾ ಇಲ್ಲೇ ಇದ್ದಿದ್ರ, ಈ ಹುಳಾ ಎಂದೋ ಸಾಯ್ತಿತ್ತು. ಎಲ್ಲೋ ಹುಗದು, ಈಗ ತಂದು ಇಲ್ಲಿ ಹಾಕ್ಯಾರ್ರಿ."

ಅಮೀನ ಹತ್ತು ಕಡೆ ಅಗೆಸಿದ. ಸಿಕ್ಕಿದ್ದೆಲ್ಲ ಕಂದಿ ಮೆತ್ತಗಾದ ಸತ್ತ ಹುಳ. ಬದು ದಾಟಿ ಮರಿಸ್ವಾಮಿಯ ಹೊಲ ಅಗೆಸಿದ. ಸನಿಕೆ ಇಟ್ಟಲ್ಲೆಲ್ಲ ಜೀವಂತ ಹುಳ.

"ಸುತ್ತಲ ಹೊಲದೋರೆಲ್ಲ ಆ ಹುಳಾ ಹಾಕ್ಯಾರಂತ. ಮರಿಸ್ವಾಮಿ, ನೀ ಯಾಕ ಹಾಕಲಿಲ್ಲ?"

"ಗೊಣ್ಣಿ ಹುಳಕ್ಕೂ ಜೀವಾ ಇರ್ತದಲ್ರೀ. ನಮ್ಮನ್ಯಾಗ ಜೀವಹತ್ಯೆ ಇಲ್ಲ."

*

ಮರಿಸ್ವಾಮಿಯ ಹೊಲದ ಮೂಲೆಯಲ್ಲಿ ನಾಲ್ಕಾರು ಗಿಡ ಬಾಡಿದ್ದವು, ಕಿತ್ತು ಮತ್ತೆ ನೆಟ್ಟಂತೆ. ಅಲ್ಲಿ ಅಗೆದಾಗ ಮೂಕಪ್ಪನ ಒಂಟಿ ಕೆರ ಸಿಕ್ಕಿತು. ಮರಿಸ್ವಾಮಿಯ ಮುಖ ಬಿಳಿಚಿಕೊಂಡಿತು.

"ನಾ ಬದುವಿನ ಕಲ್ಲು ಅವರ ಹೊಲದಾಗ ಸರಸೂದು ಮೂಕಪ್ಪ ನೋಡಿಬಿಟ್ಟನ್ರಿ. ಊರಿಗೆಲ್ಲಾ ಹೇಳ್ತೀನಿ ಅಂದ. ಸಿಟ್ಟಿನಾಗ ಅದೇ ಕಲ್ಲಿಲೆ ಹೊಡದೆ. ಇಲ್ಲಿ ನಾಯಿ ಕೆದರಾಕತ್ತಿದ್ವು. ಅದಕ್ಕ ನಿನ್ನೆ ಆಕಿ ಹೊಲಕ್ಕ ಸಾಗಿಸಿದೆ."

ಬೇಡಿ ಅವನ ಕೈಗೆ ಬಿತ್ತು. ದುರುಗಮ್ಮ ಅವನ ಎದುರು ಹೋಗಿ ನಿಂತಳು.

"ಹುಳದ ಮ್ಯಾಲೆ ಅಷ್ಟು ಕರುಣಾ ನಿನಗ. ನನ್ನ ಗಂಡ ಅದಕ್ಕಿಂತ ಕಡಿಮಿ ಆದ್ನೇನು?"