ಕ್ರಿಸ್‌ಮಸ್ ತಾತ ನಿಜಾನಾ, ಟೀಚರ್?

"ನನ್ನ ಮಗಳಿಗೆ ಏನು ಹೇಳ್ಕೊಟ್ಟಿದ್ದೀರಿ ನೀವು?"

ಚರ್ಚಿನ ಪಕ್ಕದ ಹಾಲ್‌ನಲ್ಲಿ ಸ್ಟೂಲ್ ಹತ್ತಿ ಬಾಲಯೇಸುವಿನ ಗೋದಲಿಗೆ ನೀಲಿ ಬಟ್ಟೆ ಕಟ್ಟುತ್ತಿದ್ದವಳು ಬೆಚ್ಚಿ ತಿರುಗಿದಳು.

ಬಾಗಿಲಲ್ಲಿ ನಿಂತಿದ್ದವನು ಕನ್ನಡಕದಂಗಡಿಯವನು. ಧರ್ಮೋಪದೇಶದ ತರಗತಿಗೆ ಬರುವ ಏಳು ವರ್ಷದ ಗುಬ್ಬಿಯ ಅಪ್ಪ. ಮುಖ ಕೆಂಡದಂತಾಗಿತ್ತು.

ಸ್ಟೂಲ್ ಮೇಲಿದ್ದವಳು ವಾರವೆಲ್ಲ ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ಭಾನುವಾರ ಮಾತ್ರ ಮಕ್ಕಳಿಗೆ 'ಟೀಚರ್'.

"ಗುಬ್ಬಿ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಕ್ರಿಸ್‌ಮಸ್ ತಾತ ಇಲ್ಲ ಅಂದ್ರಂತೆ!"

"ಇಲ್ಲ ಅಂತ ನಾನಾಗಿ ಹೇಳಲಿಲ್ಲ ರೀ. ನಿಜಾನಾ ಅಂತ ಅವಳೇ ಕೇಳಿದಳು. ದೊಡ್ಡವರು ಪ್ರೀತಿಯಿಂದ ಆಡೋ ಆಟ ಅಂದೆ. ಯೇಸು ಪಾಠ ಮಾಡೋ ಬಾಯಲ್ಲಿ ಸುಳ್ಳು ಹೇಗೆ ಹೇಳ್ಲಿ?"

"ಸುಳ್ಳಾ? ಪ್ರತಿ ವರ್ಷ ತಾತನ ಹೆಸರಲ್ಲಿ ಕಾಗದ ಬರೀತಿದ್ದವಳು ಅವಳ ಅಮ್ಮ! ಅವಳು ಹೋಗಿ ಎರಡು ವರ್ಷ ಆಯ್ತು. ಆ ಅಕ್ಷರ ನೋಡಿ ನೋಡಿ ಅದೇ ಥರ ಬರೆಯೋದನ್ನ ಕಲಿತಿದ್ದೀನಿ ನಾನು... ನಿಮ್ಮದು ಕಲ್ಲುಮನಸ್ಸು! ಇನ್ನು ಗುಬ್ಬಿನ ಇಲ್ಲಿಗೆ ಕಳಿಸಲ್ಲ."

ಅವನು ಹೊರಟೇಹೋದ. ಅವಳು ಸ್ಟೂಲ್ ಮೇಲೆಯೇ ಕುಸಿದು ಕೂತಳು.

'ಕಲ್ಲುಮನಸ್ಸು... ನನ್ನದಾ?'

ತನಗೂ ಏಳು ವರ್ಷವಾಗಿದ್ದಾಗ ಅಪ್ಪನ ಕೆಲಸ ಹೋಗಿತ್ತು. ಆ ಕ್ರಿಸ್‌ಮಸ್‌ಗೆ ತಾತ ಬರಲಿಲ್ಲ. ಬೀದಿಯ ಮಕ್ಕಳಿಗೆಲ್ಲ ಉಡುಗೊರೆ, ತನಗೊಬ್ಬಳಿಗೇ ಇಲ್ಲ! ತಾನು ಕೆಟ್ಟವಳೆಂದೇ ನಂಬಿ, ಪಾಪನಿವೇದನೆಯಲ್ಲಿ ಚರ್ಚಿನ ಗುರುಗಳ ಮುಂದೆ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಯಾವ ಪಾಪ ಎಂದು ಅವರು ಕೇಳಿದರೆ ಹೇಳಲು ಒಂದೂ ಇರಲಿಲ್ಲ.

ಆದರೂ... ಗುಬ್ಬಿಯನ್ನು ಮೊದಲು ಅವಳ ಅಪ್ಪನ ಹತ್ತಿರ ಕಳಿಸಬಹುದಿತ್ತಲ್ಲ? ಉತ್ತರ ಕೊಡುವ ಆತುರ ತನಗೇಕೆ ಬೇಕಿತ್ತು?

ಮೂರನೆಯ ದಿನ, ಮಕ್ಕಳ ಕ್ರಿಸ್‌ಮಸ್ ನಾಟಕಕ್ಕೆಂದು ಗುಬ್ಬಿಗೆ ಹೊಲಿದಿದ್ದ ದೇವದೂತೆಯ ಅಂಗಿ ಹಿಡಿದು ಅವಳೇ ಕನ್ನಡಕದಂಗಡಿಗೆ ಹೋದಳು.

"ಅಂಗಿ ಕೊಟ್ಟು ಹೋಗ್ತೀನಿ. ಮತ್ತೆ... ನಿಮ್ಮನ್ನ ಕೇಳದೆ ಹೇಳಿದ್ದು ನನ್ನ ತಪ್ಪು."

ಅವನು ತಲೆಯೆತ್ತಲಿಲ್ಲ. ಚೌಕಟ್ಟಿಗೆ ಗಾಜು ಕೂರಿಸುತ್ತಲೇ ಇದ್ದ. ಮೂಲೆಯ ಕುರ್ಚಿಯಿಂದ ಇಳಿದು ಬಂದ ಗುಬ್ಬಿ ಇಬ್ಬರನ್ನೂ ನೋಡಿದಳು.

"ತಾತ ಸುಳ್ಳು ಅಂದ್ರೆ... ಅಮ್ಮ ಯೇಸು ಹತ್ರ ಇದ್ದಾಳೆ ಅನ್ನೋದೂ ಸುಳ್ಳಾ ಅಪ್ಪಾ?"

ಅವನ ಕೈಯ ಗಾಜು ನೆಲಕ್ಕೆ ಬಿದ್ದು ಚೂರಾಯಿತು.

ಓ, ಮಗು ಊಟ ಬಿಟ್ಟದ್ದು ಇದಕ್ಕಾ...!

ಅವನು ದಿಕ್ಕುತೋಚದೆ ಟೀಚರ್ ಕಡೆ ನೋಡಿದ. ಅವಳು ಮೆಲ್ಲಗೆ ತಲೆಯಾಡಿಸಿದಳು. "ನಾನಲ್ಲ. ನೀವೇ ಹೇಳ್ಬೇಕು."

ಅವನು ಮಗಳ ಮುಂದೆ ಮಂಡಿಯೂರಿದ.

"ಕಾಗದ ಬರೆದಿದ್ದು ನಾನು ಪುಟ್ಟಾ. ಮೊದಲು ಅಮ್ಮ ಬರೀತಿದ್ದಳು. ಅದು ಆಟ. ಆಟ ಅಂತ ನಿನಗೆ ಹೇಳೋದನ್ನ ನಾವು ಮರೆತ್ವಿ. ಆದ್ರೆ ಅಮ್ಮ ದೇವರ ಹತ್ರ ಇದ್ದಾಳೆ ಅನ್ನೋದು ನಿನ್ನ ಸಮಾಧಾನಕ್ಕೆ ಕಟ್ಟಿದ ಕಥೆ ಅಲ್ಲ. ಅದನ್ನ ನಾನು ನಂಬ್ತೀನಿ. ಅದನ್ನ ನಂಬಿಯೇ ದಿನಾ ಎದ್ದು ಅಂಗಡಿ ಬಾಗಿಲು ತೆಗೀತೀನಿ."

ಗುಬ್ಬಿ ಬಹಳ ಹೊತ್ತು ಅಪ್ಪನ ಕಣ್ಣನ್ನೇ ನೋಡಿದಳು. ಕೊನೆಗೆ ಅವನ ಕುತ್ತಿಗೆಗೆ ಜೋತುಬಿದ್ದಳು.

"ಈ ವರ್ಷವೂ ಬರಿ ಅಪ್ಪಾ. ಆದ್ರೆ ನಿನ್ನ ಅಕ್ಷರದಲ್ಲೇ ಬರಿ. ಅಮ್ಮನ 'ಕ' ನಿನಗೆ ಬರೋದೇ ಇಲ್ಲ!"

ಅವನು ಅಳುತ್ತಲೇ ನಕ್ಕ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮ್ಮನ್ನ ಏನೇನೋ ಅಂದುಬಿಟ್ಟೆ... ಕ್ಷಮಿಸಿ," ಎಂದ ಅವನು, ಅವಳನ್ನು ಬಾಗಿಲವರೆಗೆ ಬಿಡಲು ಬಂದು. ಆಗ ಅವಳು ಯಾರಿಗೂ ಹೇಳದ ಆ ಪಾಪನಿವೇದನೆಯ ಕಥೆ ಹೇಳಿದಳು.

ಅಂದಿನಿಂದ ಅವನು ಸಂಜೆ ಸಂಜೆ ಗೋದಲಿಯ ಕೆಲಸಕ್ಕೆ ಬರತೊಡಗಿದ. ಮೊಳೆ ಹೊಡೆಯುವುದಕ್ಕಿಂತ ಬೆರಳಿಗೆ ಹೊಡೆದುಕೊಂಡದ್ದೇ ಹೆಚ್ಚು! ಅವನು ಬರುವುದು ಹತ್ತು ನಿಮಿಷ ತಡವಾದರೆ ಅವಳ ಕಣ್ಣು ಬಾಗಿಲ ಮೇಲೇ...

ಮಕ್ಕಳ ನಾಟಕದಲ್ಲಿ ತಾತನ ವೇಷ ಅವನ ಪಾಲಿಗೇ ಬಂತು. ಅಳತೆ ಕೊಡಲು ಒಂದು ಮಧ್ಯಾಹ್ನ ಹೊಲಿಗೆ ಅಂಗಡಿಗೆ ಬಂದ.

ಟೇಪು ಹಿಡಿದು ಅವನ ಎದೆಯ ಸುತ್ತ ಕೈ ಬಳಸಿದಾಗ ಅವಳಿಗೆ ಉಸಿರೇ ನಿಂತಂತಾಯಿತು. ನಲವತ್ತೋ, ನಲವತ್ತೆರಡೋ... ಅಂಕಿ ಕಣ್ಣಿಗೆ ಹತ್ತಲೇ ಇಲ್ಲ!

"ಮೂರನೇ ಸಲ ಅಳೀತಿದ್ದೀರಿ," ಎಂದ ಅವನು ಮೆಲ್ಲಗೆ.

"ನೀವು ಅಲ್ಲಾಡ್ತೀರಿ."

"ಅಲ್ಲಾಡ್ತಿರೋದು ಎದೆ ರೀ. ನೇರವಾಗಿ ಹೇಳಿಬಿಡ್ತೀನಿ. ಗುಬ್ಬಿಯ ಅಮ್ಮನ್ನ ನಾನು ಮರೆಯಲ್ಲ. ಆದ್ರೂ ನೀವು ಬೇಕು ಅನಿಸ್ತಿದೆ. ನಮ್ಮನೆಗೆ ಬರ್ತೀರಾ... ಮದುವೆಯಾಗಿ?"

ಟೇಪು ಅವಳ ಕೈಯಿಂದ ಜಾರಿತು.

"ಅವರನ್ನ ಮರೀರಿ ಅಂತ ನಾನು ಯಾವತ್ತೂ ಕೇಳಲ್ಲ," ಎಂದಳು ಕೊನೆಗೆ. "ಆದ್ರೆ ಗುಬ್ಬಿ...?"

"ಮೊದಲು ಅವಳನ್ನೇ ಕೇಳಿದೆ."

"ಏನಂದಳು?"

"'ಟೀಚರ್ ಮನೇಲೂ ಧರ್ಮೋಪದೇಶದ ಪ್ರಶ್ನೋತ್ತರ ಬಾಯಿಪಾಠ ಮಾಡಿಸಲ್ಲ ಅಂದ್ರೆ ಸರಿ' ಅಂದಳು."

ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು.

"ಅದೊಂದು ಮಾತ್ರ ಆಗಲ್ಲ ರೀ."

"ಹಾಗಾದ್ರೆ...?" ಅವನ ಮುಖ ಬಾಡಿತು.

ಅವಳು ಅವನ ಕೈ ಹಿಡಿದುಕೊಂಡಳು.

"ಉಳಿದಿದ್ದಕ್ಕೆಲ್ಲ ಒಪ್ಪಿಗೆ!"