ಹದಿನಾಲ್ಕನೇ ನಂಬರಿನ ಚೀಟಿ

"ಮಿಸ್, ನನ್ನ ಕತೆ ಮುಗೀತು! ಸಂಜೆ ನಾಲ್ಕರೊಳಗೆ ಆ ಹಾಳೆ ಸಿಗದಿದ್ರೆ ಗಂಟುಮೂಟೆ ಕಟ್ಕೋ ಅಂದ್ಬಿಟ್ರು ದೊಡ್ಡ ಡಾಕ್ಟ್ರು."

ಡಾಕ್ಟರ್ ತಾರಾಸ್ ಕೊವಾಲ್ ಹೀಗೆಂದು ಒಳಗೆ ನುಗ್ಗಿದಾಗ ನಾನೂ ಮಿಸ್ ಮಕಾಸ್ಕಿಲ್ಲರೂ ಆಪರೇಷನ್ ಥಿಯೇಟರಿನ ಪಕ್ಕದ ಕೋಣೆಯಲ್ಲಿ ಹತ್ತಿ ಬಿಲ್ಲೆಗಳಿಗೆ ದಾರ ಕಟ್ಟುತ್ತ ಕುಳಿತಿದ್ದೆವು. ಅದು 1956ರ ಫೆಬ್ರವರಿಯ ಒಂದು ಸೋಮವಾರ. ಮಾಂಟ್ರಿಯಲಿನ ಗುಡ್ಡದ ಮಗ್ಗುಲಲ್ಲಿದ್ದ ನಮ್ಮ ಮಿದುಳಿನ ಆಸ್ಪತ್ರೆಯ ಕಿಟಕಿಗಳೆಲ್ಲ ಹಿಮ ಹಿಡಿದು ಬೆಳ್ಳಗಾಗಿದ್ದವು. ಈಗ ಆ ಕಟ್ಟಡವಿಲ್ಲ, ಅದರ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ನನಗೂ ತೊಂಬತ್ತು ಹತ್ತಿರ ಬಂತು. ಆದರೂ ಆ ಕೋಣೆಯ ಸ್ಪಿರಿಟ್ಟಿನ ವಾಸನೆ, ಬಿಸಿನೀರಿನ ಕೊಳವೆಗಳ ಟಣಟಣ ಸದ್ದು, ಮಿಸ್ ಕುದಿಸಿ ಕುದಿಸಿ ಕಪ್ಪು ಮಾಡುತ್ತಿದ್ದ ಚಹಾ ನೆನಪಾದರೆ ಜೀವ ಅಲ್ಲಿಗೇ ಓಡುತ್ತದೆ.

ಮಿಸ್ ಮಕಾಸ್ಕಿಲ್ ನಮ್ಮ ಥಿಯೇಟರಿನ ಹಿರಿಯ ನರ್ಸು, ಕೇಪ್ ಬ್ರೆಟನ್ ದ್ವೀಪದ ಮೀನುಗಾರರ ಮಗಳು. ಆಪರೇಷನ್ ಮುಗಿದ ಮೇಲೆ ಒಂದೊಂದು ಹತ್ತಿ ಬಿಲ್ಲೆಯನ್ನೂ ಎಣಿಸಿ, ಎಣಿಕೆ ಸರಿಹೋಗುವ ತನಕ ತಲೆಬುರುಡೆ ಮುಚ್ಚಲು ದೊಡ್ಡ ಡಾಕ್ಟರನ್ನೂ ಬಿಡುತ್ತಿರಲಿಲ್ಲ. "ಹತ್ತಿಗೆ ಕಾಲು ಬಂದು ನಡೆದು ಹೋಗಲ್ಲ ಕಣೇ ಜೆರ್ಮೇನ್. ಯಾರೋ ಇಟ್ಟ ಕಡೆ ಇರುತ್ತೆ" ಎಂದು ಕಿರಿಯ ನರ್ಸಾದ ನನಗೆ ಹೇಳುತ್ತಿದ್ದರು. ಇದೇ ಬುದ್ಧಿಯಿಂದ ಕಳೆದುಹೋದ ಮದುವೆ ಉಂಗುರ, ಡಾಕ್ಟರುಗಳ ಊಟದ ಮನೆಯಿಂದ ಮಾಯವಾದ ಕ್ರಿಸ್‌ಮಸ್ ಹ್ಯಾಮ್, ವಿಷದ ಬಾಟಲಿಯೊಂದರ ರಗಳೆ, ಎಲ್ಲವನ್ನೂ ಬಿಡಿಸಿದ್ದರು. ಆಸ್ಪತ್ರೆಯಲ್ಲಿ ಏನೇ ಕಳುವಾದರೂ ಜನ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು.

"ಕೂತ್ಕೋ. ಚಹಾ ಕುಡಿ. ಆಮೇಲೆ ಅಳು" ಎಂದರು ಮಿಸ್. "ಯಾವ ಹಾಳೆ?"

"ಒವಿಲಾದು. ಶುಕ್ರವಾರದ ಗುಲಾಬಿ ಹಾಳೆ."

ಒವಿಲಾ ನಲವತ್ತಾರು ವರ್ಷದ ಟ್ರಾಮ್ ಚಾಲಕ. ಹಿಂದಿನ ಚಳಿಗಾಲ ಟ್ರಾಮ್ ಓಡಿಸುವಾಗಲೇ ಫಿಟ್ಸ್ ಬಂದು ಬಿದ್ದು, ಕೆಲಸ ಕಳೆದುಕೊಂಡಿದ್ದ. ಶುಕ್ರವಾರ ನಮ್ಮ ದೊಡ್ಡ ಡಾಕ್ಟರ್ ಫಾರ್ಕರ್ ಅವನ ನೆತ್ತಿಗೆ ಮಾತ್ರ ಮರಗಟ್ಟಿಸುವ ಸೂಜಿ ಕೊಟ್ಟು, ಅವನು ಎಚ್ಚರವಾಗಿರುವಾಗಲೇ ಮಿದುಳನ್ನು ತೆರೆದಿದ್ದರು. ಮಿದುಳಿಗೆ ನೋವಿಲ್ಲ. ತೆಳ್ಳನೆಯ ತಂತಿಯ ತುದಿಯಿಂದ ಒಂದೊಂದು ಜಾಗ ಮುಟ್ಟಿ ಕೊಂಚವೇ ಕರೆಂಟು ಕೊಡುವುದು, ಆಗ ಏನಾಯಿತೆಂದು ರೋಗಿ ಹೇಳುವುದು, ಆ ಜಾಗದ ಮೇಲೆ ನಂಬರು ಬರೆದ ಪುಟಾಣಿ ಕಾಗದದ ಚೀಟಿ ಇಡುವುದು, ತಾರಾಸ್ ಅದನ್ನು ಗುಲಾಬಿ ಹಾಳೆಯಲ್ಲಿ ಬರೆದುಕೊಳ್ಳುವುದು. ಇದು ನಮ್ಮಲ್ಲಿ ನಡೆಯುತ್ತಿದ್ದ ಪದ್ಧತಿ.

ಐದನೇ ಚೀಟಿಗೆ ಒವಿಲಾನ ಹೆಬ್ಬೆರಳು ಎಳೆಯಿತು. ಒಂಬತ್ತಕ್ಕೆ ಎಣಿಸುತ್ತಿದ್ದವನ ಮಾತು ನಿಂತಿತು. ಹದಿನಾಲ್ಕಕ್ಕೆ ಅವನು ಕೂಗಿಯೇಬಿಟ್ಟ. "ಅಯ್ಯೋ, ನಮ್ಮಮ್ಮ! ಹಿತ್ತಲ ಬಾಗಿಲಲ್ಲಿ ನಿಂತು ಕರೀತಿದಾಳೆ. ತಿಲೂ, ಒಳಗೆ ಬಾರೋ, ಕಾಲು ಒದ್ದೆ ಮಾಡ್ಕೋಬೇಡ ಅಂತಿದಾಳೆ. ಇನ್ನೊಂದ್ಸಲ ಡಾಕ್ಟ್ರೇ, ಇನ್ನೊಂದ್ಸಲ!" ತಿಲೂ ಎಂಬುದು ಅವನ ಮನೆಯ ಮುದ್ದಿನ ಹೆಸರಂತೆ. ಡಾಕ್ಟರ್ ಮತ್ತೆ ಮುಟ್ಟಿದರು. ಅದೇ ದನಿ ಮತ್ತೆ ಕೇಳಿತಂತೆ.

ಇಪ್ಪತ್ತೇಳನೇ ಚೀಟಿಯ ಹೊತ್ತಿಗೆ ಅವನ ರಕ್ತದೊತ್ತಡ ಕುಸಿಯಿತು. ಡಾಕ್ಟರ್ ಬುರುಡೆ ಮುಚ್ಚಿ, ಕತ್ತರಿಸುವ ಕೆಲಸ ಸೋಮವಾರಕ್ಕೆ ಎಂದರು. ಚೀಟಿಗಳಿದ್ದ ಮಿದುಳಿನ ಫೋಟೋ ಇತ್ತು, ನಿಜ. ಆದರೆ ಯಾವ ನಂಬರು ಮಾತಿನದು, ಯಾವುದು ಕೈಯದು ಎಂದು ಹೇಳುವುದು ಆ ಹಾಳೆಯೊಂದೇ. ಟೈಪಿಸ್ಟು ಬರುವುದು ಸೋಮವಾರ, ಹಾಗಾಗಿ ನಕಲೂ ಇರಲಿಲ್ಲ. ಅದಿಲ್ಲದೆ ಚಾಕು ಹಿಡಿದರೆ ಒವಿಲಾ ಮೂಗನಾದಾನು.

"ನಾನೇ ಬೇಕಂತ ಮಾಯ ಮಾಡಿದೀನಂತೆ. ಬರೆಯೋದ್ರಲ್ಲಿ ತಪ್ಪಾಗಿತ್ತು, ಮುಚ್ಚಿಹಾಕೋಕೆ ಹರಿದು ಹಾಕಿದೆಯಾ ಅಂತ ಕೇಳಿದ್ರು" ಎಂದ ತಾರಾಸ್. ಅವನ ಅಪ್ಪ ಸಾಸ್ಕಟೂನಿನಲ್ಲಿ ರೈಲು ಹಳಿ ರಿಪೇರಿ ಮಾಡುವವನು. ಆ ವಂಶಕ್ಕೆ ಇವನೇ ಮೊದಲ ಡಾಕ್ಟರು. ಇಲ್ಲಿಂದ ಕಳಂಕ ಹೊತ್ತು ಹೊರಬಿದ್ದರೆ ಇನ್ಯಾರೂ ಇವನ ಕೈಗೆ ಚಾಕು ಕೊಡುತ್ತಿರಲಿಲ್ಲ. ನನಗೂ ಅವನ ಮೇಲೆ ಕೊಂಚ ಮನಸ್ಸಿತ್ತು, ಈ ವಯಸ್ಸಿನಲ್ಲಿ ಮುಚ್ಚಿಡುವುದೇಕೆ?

ಮಿಸ್ ದಾರ ಕತ್ತರಿಸಿ ಎದ್ದರು. "ನಡಿಯೇ ಜೆರ್ಮೇನ್. ಎಣಿಸೋಣ."

ವಾರ್ಡಿನ ಮೇಜಿನ ನರ್ಸು ಪಿನೋ ಆಗಲೇ ಅತ್ತು ಮುಗಿಸಿದ್ದಳು. "ನನ್ನ ಮೇಜಿಂದ ಫೈಲು ಯಾರೂ ಮುಟ್ಟಿಲ್ಲ ಮಿಸ್, ಮೇರಿಯಮ್ಮನ ಆಣೆ! ಭಾನುವಾರ ಅವನ ಅಕ್ಕ ಬಂದು ಇದೇ ಮೇಜು ಗುದ್ದಿ, ನನ್ನ ತಮ್ಮನ ತಲೆ ಕೊಯ್ಯೋಕೆ ನೀವ್ಯಾರು ಅಂತ ಗಲಾಟೆ ಮಾಡಿದ್ಲು. ಅವತ್ತೇ ಆ ಬಾಸ್ಟನ್ನಿನಿಂದ ಬಂದಿರೋ ಡಾಕ್ಟರ್ ಲೇತ್ರಪ್ ಎರಡು ಸಲ ಬಂದು ಹಾಳೆ ತೋರಿಸು, ನನ್ನ ಭಾಷಣಕ್ಕೆ ಬೇಕು ಅಂದ. ತೋರಿಸಲ್ಲ, ದೊಡ್ಡ ಡಾಕ್ಟರ ಅಪ್ಪಣೆ ತನ್ನಿ ಅಂದೆ."

"ಆ ಹಾಳೆ ಕಣ್ಣಾರೆ ಕೊನೇ ಸಲ ನೋಡಿದ್ದು ಯಾವಾಗ?"

"ಶನಿವಾರ ಹತ್ತಕ್ಕೆ. ಜ್ವರದ ಚಾರ್ಟು ಅದರ ಮೇಲೇ ಇಟ್ಟೆ."

"ಅಲ್ಲಿಂದ ಈಚೆಗೆ ಫೈಲು ಈ ಮೇಜು ಬಿಟ್ಟು ಹೋಗೇ ಇಲ್ವಾ?"

"ಇಲ್ಲ. ಹನ್ನೊಂದಕ್ಕೆ ಎಕ್ಸ್‌ರೇಗೆ ಹೋಗಿತ್ತು ಅಷ್ಟೇ, ಅವನ ಜೊತೆ."

ಸ್ಟ್ರೆಚರ್ ತಳ್ಳುವ ಮುದುಕನನ್ನು ಕೇಳಿದೆವು. "ಎಲ್ರಿಗೂ ಮಾಡೋ ಹಾಗೇ ಮಾಡಿದೆ ತಾಯೀ. ಫೈಲು ಅವನ ಮೊಣಕಾಲ ನಡುವೆ ಇಟ್ಟು ಕಂಬಳಿ ಹೊದಿಸಿದೆ. ಎಕ್ಸ್‌ರೇ ಕೋಣೆ ಮುಂದೆ ಸಾಲಿತ್ತು. ನಾನೊಂದು ಸಿಗರೇಟು ಸೇದಿ ಬಂದೆ. ಹತ್ತಿರ ಒಂದು ನರಪಿಳ್ಳೆನೂ ಸುಳಿದಿಲ್ಲ" ಎಂದ.

ಒವಿಲಾನ ಕೋಣೆಯಲ್ಲಿ ಆಳುಗಳು ಹಾಸಿಗೆ ಮಗುಚಿ, ದಿಂಬು ಕೊಡವಿ, ಕಸದ ಬುಟ್ಟಿ ತಡಕಿ ಹೋಗಿದ್ದರು. ಫೈಲಿನ ಉಳಿದ ಕಾಗದಗಳೆಲ್ಲ ಇದ್ದವು. ಅವನು ದೊಡ್ಡ ಬಿಳಿ ಮುಂಡಾಸಿನಂಥ ಬ್ಯಾಂಡೇಜಿನ ಕೆಳಗೆ ಗೋಡೆ ನೋಡುತ್ತ ಮಲಗಿದ್ದ. ಮಿಸ್ ನೀರು ಕುಡಿಸುವ ನೆಪದಲ್ಲಿ ಒಂದು ನಿಮಿಷ ಬಾಗಿ ನಿಂತರು. ಬ್ಯಾಂಡೇಜಿನ ತುದಿಯ ಅಂಟುಪಟ್ಟಿಯ ಅಂಚು ಮೇಲೆದ್ದು, ನೂಲಿನ ಎಳೆ ಹಿಡಿದು ಬೂದುಬಣ್ಣಕ್ಕೆ ತಿರುಗಿದ್ದು ನನ್ನ ಕಣ್ಣಿಗೂ ಬಿತ್ತು. ಈ ವಾರ್ಡಿನ ಹುಡುಗಿಯರಿಗೆ ಅಂಟುಪಟ್ಟಿ ಹಾಕುವುದಕ್ಕೂ ಬರುವುದಿಲ್ಲವಲ್ಲ ಎಂದು ಬೈಯಬೇಕೆಂದುಕೊಂಡೆ. ಆದರೆ ತಲೆಯ ಬ್ಯಾಂಡೇಜನ್ನು ಆಪರೇಷನ್ ಮಾಡಿದ ಡಾಕ್ಟರಲ್ಲದೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅದು ಡಾಕ್ಟರ್ ಫಾರ್ಕರರ ಕಟ್ಟಪ್ಪಣೆ.

ಹೊರಗೆ ಬಂದ ಮೇಲೆ ಮಿಸ್ ಕೇಳಿದರು. "ಶುಕ್ರವಾರ ಸಂಜೆ ಇವನ ಹತ್ರ ಕೂತಿದ್ದೋಳು ನೀನಲ್ವಾ? ಏನು ಮಾತಾಡಿದ?"

"ಅಮ್ಮ ಕರೆದದ್ದು ಯಾವ ನಂಬರು ಅಂದ. ಹದಿನಾಲ್ಕು ಅಂದೆ. ಅದನ್ನೂ ಕತ್ತರಿಸ್ತಾರಾ ಅಂದ. ನನಗೇನು ಗೊತ್ತಪ್ಪಾ, ಹಾಳೆ ನೋಡದೆ ಡಾಕ್ಟ್ರಿಗೂ ಗೊತ್ತಾಗಲ್ಲ ಅಂದೆ."

ಮಿಸ್ ನನ್ನನ್ನು ದುರುಗುಟ್ಟಿ ನೋಡಿದರು. "ಬಾಯಿ ಬಡುಕಿ" ಎಂದರು, ಆದರೆ ಬೆನ್ನು ತಟ್ಟಿದರು. "ಮೂರೂವರೆಗೆ ಎಲ್ರನ್ನೂ ಇವನ ಕೋಣೆಗೆ ಬರೋಕೆ ಹೇಳು. ಅಕ್ಕನ್ನೂ ಕರೆಸು."

ಮೂರೂವರೆಗೆ ಆ ಪುಟ್ಟ ಕೋಣೆ ತುಂಬಿಹೋಯಿತು. ಡಾಕ್ಟರ್ ಫಾರ್ಕರ್ ಗಡಿಯಾರ ನೋಡುತ್ತಿದ್ದರು. ಲೇತ್ರಪ್ ಪೈಪು ಕಚ್ಚಿ ಕಿಟಕಿಗೆ ಒರಗಿದ್ದ. ಅಕ್ಕ ಬ್ಲಾಂದೀನ್, ಅರವತ್ತರ ಗಟ್ಟಿ ಹೆಂಗಸು, ಕೋಟನ್ನೂ ಬಿಚ್ಚದೆ ಕುರ್ಚಿಯಲ್ಲಿ ಕುಳಿತಿದ್ದಳು. ತಾರಾಸನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಎಲ್ರೂ ಭಾನುವಾರದ ಕಳ್ಳನ್ನ ಹುಡುಕಿದ್ರಿ" ಎಂದು ಮಿಸ್ ಶುರುಮಾಡಿದರು. "ಯಾಕಂದ್ರೆ ಗಲಾಟೆ ಆಗಿದ್ದು ಭಾನುವಾರ. ಆದ್ರೆ ಹಾಳೆ ಕಂಡಿದ್ದು ಶನಿವಾರ ಹತ್ತರ ತನಕ ಮಾತ್ರ. ಆಮೇಲೆ ಫೈಲು ಮೇಜು ಬಿಟ್ಟಿದ್ದು ಒಂದೇ ಸಲ, ಎಕ್ಸ್‌ರೇಗೆ. ಶನಿವಾರ ಮದಾಮ್ ಬ್ಲಾಂದೀನ್ ಆಸ್ಪತ್ರೆಗೇ ಬಂದಿಲ್ಲ."

"ನಾನ್ಯಾಕೆ ಕದೀಲಿ? ಕದಿಯೋ ಬುದ್ಧಿ ಇದ್ದಿದ್ರೆ ಇವನನ್ನೇ ಹೊತ್ಕೊಂಡು ಹೋಗ್ತಿದ್ದೆ" ಎಂದಳು ಬ್ಲಾಂದೀನ್.

"ಡಾಕ್ಟರ್ ಲೇತ್ರಪ್‌ಗೆ ಹಾಳೆ ಸಿಕ್ಕಿದ್ರೆ ಭಾನುವಾರ ಎರಡು ಸಲ ಬಂದು ಬೇಡ್ತಿರಲಿಲ್ಲ. ಇನ್ನು ತಾರಾಸ್. ತಪ್ಪು ಮುಚ್ಚೋನು ಅದನ್ನ ತಿದ್ದಿ ಬರೀತಾನೆ. ಹಾಳೆಯನ್ನೇ ಮಾಯ ಮಾಡಿದ್ರೆ ಮೊದಲು ಸಿಕ್ಕಿಬೀಳೋದು ತಾನೇ ಅಂತ ಅವನಿಗೆ ಗೊತ್ತಿಲ್ವಾ?"

"ಮತ್ಯಾರು? ದೆವ್ವವಾ?" ಎಂದು ಗುಡುಗಿದರು ಡಾಕ್ಟರ್ ಫಾರ್ಕರ್.

"ಎಕ್ಸ್‌ರೇ ಮುಂದೆ ಫೈಲಿನ ಹತ್ರ ಯಾರೂ ಸುಳಿದಿಲ್ಲ ಅಂದ ಮುದುಕ. ಅವನ ಮಾತು ನಿಜ. ಯಾರೂ ಬರಬೇಕಾಗೇ ಇರಲಿಲ್ಲ. ನಾವು ರೋಗಿಯನ್ನ ಮನುಷ್ಯ ಅಂತ ಎಣಿಸೋದೇ ಇಲ್ಲ ನೋಡಿ ಡಾಕ್ಟ್ರೇ. ಫೈಲು ಅವನ ಕಾಲ ಮೇಲಿಟ್ಟು, ಅವನೊಂದು ಮರದ ದಿಮ್ಮಿ ಅನ್ನೋ ಹಾಗೆ ಹೋಗಿಬಿಡ್ತೀವಿ."

ಒವಿಲಾ ಗೋಡೆಯ ಕಡೆಯಿಂದ ತಿರುಗಲಿಲ್ಲ.

"ಹೊರಗಿನ ಕಳ್ಳ ಆಗಿದ್ರೆ ಹಾಳೆ ಮನೆಗೆ ಒಯ್ದು ಸುಡ್ತಿದ್ದ. ಮಂಚ ಬಿಟ್ಟು ಏಳಲಾಗದೋನು ಏನು ಮಾಡ್ತಾನೆ? ಹಾಸಿಗೆ ದಿನಾ ಬದಲಾಯಿಸ್ತೀವಿ, ಬುಟ್ಟಿ ದಿನಾ ಖಾಲಿ ಮಾಡ್ತೀವಿ. ಈ ಕೋಣೆಯಲ್ಲಿ ನಾವ್ಯಾರೂ ಕೈಹಾಕದ ಜಾಗ ಒಂದೇ. ನೀವೇ ಹಾಕಿದ ಕಟ್ಟಪ್ಪಣೆ, ಡಾಕ್ಟ್ರೇ. ಆ ಬ್ಯಾಂಡೇಜಿನ ಅಂಟುಪಟ್ಟಿ ನೋಡಿ. ಒಂದ್ಸಲ ಕಿತ್ತು ಅದನ್ನೇ ಮತ್ತೆ ಅಂಟಿಸಿದ್ದಾರೆ. ನರ್ಸಾಗಲಿ ಡಾಕ್ಟರಾಗಲಿ ಬಿಚ್ಚಿದ್ರೆ ಹೊಸದು ಹಾಕ್ತಿದ್ರು, ರೋಲು ಎಲ್ರ ಜೇಬಲ್ಲೂ ಇರುತ್ತೆ. ಹಳೇದನ್ನೇ ಅಂಟಿಸೋದು ಜೇಬೇ ಇಲ್ಲದ ಆಸ್ಪತ್ರೆ ಅಂಗಿ ತೊಟ್ಟೋನು." ಮಿಸ್ ಮಂಚದ ಹತ್ತಿರ ಹೋಗಿ ದನಿ ತಗ್ಗಿಸಿದರು. "ಒವಿಲಾ, ಆ ಹಾಳೆ ಇಲ್ಲದಿದ್ರೆ ಈ ಹುಡುಗ ಇವತ್ತೇ ಊರಿಗೆ ಹೋಗ್ಬೇಕು. ನಿನಗದು ಗೊತ್ತಿತ್ತಾ?"

ಒವಿಲಾ ಮೆಲ್ಲಗೆ ತಿರುಗಿದ. ಕಣ್ಣು ತುಂಬಿತ್ತು. "ಗೊತ್ತಿರಲಿಲ್ಲ, ದೇವರಾಣೆ" ಎಂದು ತಾರಾಸನಿಗೆ ಕೈಮುಗಿದ. "ತೆಗೀರಿ ಡಾಕ್ಟ್ರೇ."

ಡಾಕ್ಟರ್ ಫಾರ್ಕರ್ ಕೈ ತೊಳೆದು ಬಂದು ಹೊರಗಿನ ನಾಲ್ಕು ಸುತ್ತು ಬಿಚ್ಚಿದರು. ಮಡಿಚಿ ಮಡಿಚಿ ಬೀಡಿಯಷ್ಟಾಗಿದ್ದ ಗುಲಾಬಿ ಹಾಳೆ ಕೆಳಗೆ ಬಿತ್ತು. ಪುಣ್ಯಕ್ಕೆ ಒಳಸುತ್ತು ಹಾಗೇ ಇತ್ತು, ಗಾಯಕ್ಕೆ ಏನೂ ತಾಗಿರಲಿಲ್ಲ. ತಾರಾಸ್ ಅದನ್ನು ಎತ್ತಿಕೊಂಡು ಮಡಿಕೆ ಬಿಡಿಸಿದ. "ನಾನು ಕತ್ತೆ. ಕ್ಷಮಿಸಯ್ಯಾ" ಎಂದರು ಡಾಕ್ಟರ್. ಆ ಮನುಷ್ಯನ ಬಾಯಲ್ಲಿ ಅಂಥ ಮಾತು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಅಮ್ಮ ಸತ್ತಾಗ ನನಗೆ ಆರು ವರ್ಷ" ಎಂದ ಒವಿಲಾ. "ಒಂದು ಫೋಟೋನೂ ಇಲ್ಲ. ದನಿ ಹೇಗಿತ್ತು ಅನ್ನೋದೇ ಮರೆತುಹೋಗಿತ್ತು. ನಲವತ್ತು ವರ್ಷ ಆದ್ಮೇಲೆ ಕೇಳಿಸ್ತು. ನೀವು ಕತ್ತರಿಸಿದ್ರೆ ಅವಳು ಎರಡನೇ ಸಲ ಸಾಯ್ತಾಳೆ."

ಡಾಕ್ಟರ್ ಮಂಚದ ತುದಿಯಲ್ಲಿ ಕುಳಿತರು. "ಸುಳ್ಳು ಹೇಳಲ್ಲ. ನಿನ್ನ ಫಿಟ್ಸ್ ಹುಟ್ಟೋದೂ ಅಲ್ಲೇ. ಅದನ್ನ ಬಿಟ್ಟು ಉಳಿದದ್ದು ಕತ್ತರಿಸಿದ್ರೆ ಉಪಯೋಗ ಇಲ್ಲ. ಬೇಡ ಅಂದ್ರೆ ಬೇಡ. ತಲೆ ನಿಂದು."

"ಕತ್ತರಿಸೋ ಮುಂಚೆ ಒಂದೇ ಒಂದ್ಸಲ ಮುಟ್ಟಿ" ಎಂದ ಒವಿಲಾ. ಬ್ಲಾಂದೀನ್ ಎದ್ದು ಹೊರಗೆ ಹೋದಳು. ಮಿಸ್ ಅವಳ ಹಿಂದೆಯೇ ಹೋದರು.

ಸೋಂಕಿಲ್ಲವೆಂದು ಖಾತ್ರಿಯಾದ ಮೇಲೆ ಗುರುವಾರ ಆಪರೇಷನ್ ಇಟ್ಟರು. ತಾರಾಸ್ ಹಾಳೆ ಹಿಡಿದು ನಿಂತ. ಫೋಟೋ ನೋಡಿ ಡಾಕ್ಟರ್ ಹದಿನಾಲ್ಕನೇ ಚೀಟಿಯನ್ನು ಅದೇ ಜಾಗದಲ್ಲಿ ಇಟ್ಟು, ತಂತಿ ಮುಟ್ಟಿಸಿದರು.

"ಏನು ಕೇಳಿಸ್ತು?"

"ಏನೂ ಇಲ್ಲ."

ಮತ್ತೆ ಮುಟ್ಟಿದರು. ಕರೆಂಟು ಕೊಂಚ ಏರಿಸಿ ಮೂರನೇ ಸಲ ಮುಟ್ಟಿದರು. ಹಾಗಾಗುವುದುಂಟು, ಮಿದುಳು ಕೇಳಿದಾಗಲೆಲ್ಲ ಕೊಡುವುದಿಲ್ಲ. ಹಸಿರು ಬಟ್ಟೆಯ ಕೆಳಗಿಂದ ಒವಿಲಾ "ಹೋಗಿಬಿಟ್ಲು" ಎಂದ. ನಾನು ಅಳುವಂತಿರಲಿಲ್ಲ, ಕೈಯಲ್ಲಿ ಉಪಕರಣಗಳಿದ್ದವು.

ಆಗ ಮಿಸ್ ಹಿಂದಿನ ಬಾಗಿಲು ತೆರೆದರು. ಟೋಪಿ, ಗೌನು, ಮುಖವಸ್ತ್ರ ತೊಟ್ಟ ದಪ್ಪನೆಯ ಹೆಂಗಸೊಬ್ಬಳನ್ನು ಕರೆತಂದು ಒವಿಲಾನ ಮುಖದ ಬಳಿ ಸ್ಟೂಲಿನ ಮೇಲೆ ಕೂರಿಸಿದರು. ನಿಯಮಕ್ಕೆ ಪೂರಾ ವಿರುದ್ಧ. ಡಾಕ್ಟರ್ ಫಾರ್ಕರ್ ತಲೆಯೆತ್ತಿ ನೋಡಿದರು, ಬಾಯಿ ತೆರೆದರು, ಮತ್ತೆ ಮುಚ್ಚಿದರು.

"ತಿಲೂ" ಎಂದಳು ಬ್ಲಾಂದೀನ್. ದಿನಾ ಗದರುವ ದನಿಯಲ್ಲ, ಬೇರೆಯದೇ ದನಿ. ಉದ್ದಕ್ಕೆ ಎಳೆದು, ಕೊನೆಯಲ್ಲಿ ನಗುವ ದನಿ. "ತಿಲೂ, ಎಷ್ಟು ಹೊತ್ತು ಹೊರಗಿರ್ತೀಯೋ ಕಂದಾ? ಬಾ, ಒಲೆ ಹತ್ರ ಬಾ."

ಒವಿಲಾನ ಕೈ ಬಟ್ಟೆಯ ಕೆಳಗೆ ತಡಕಾಡಿ ಅವಳ ಕೈ ಹಿಡಿಯಿತು. "ಅದೇ ದನಿ" ಎಂದ. "ಅಕ್ಕಾ, ಅದೇ ದನಿ. ಇಷ್ಟು ವರ್ಷ ಯಾಕೆ ಹೀಗೆ ಕರೀಲಿಲ್ಲ?"

"ಅಮ್ಮ ಸತ್ತ ವಾರ ಒಂದ್ಸಲ ಕರೆದಿದ್ದೆ. ನೀನು ಬಾಗಿಲಿಗೆ ಓಡಿ ಬಂದು, ನನ್ನ ನೋಡಿ, ಮೂರು ದಿನ ಅನ್ನ ಮುಟ್ಟಲಿಲ್ಲ. ಆಮೇಲೆ ನನಗೆ ಧೈರ್ಯ ಬರಲಿಲ್ಲ ಕಣೋ."

ಒವಿಲಾ ಅಕ್ಕನ ಕೈ ಬಿಡದೆ ಉಸಿರೆಳೆದುಕೊಂಡ.

"ಡಾಕ್ಟ್ರೇ, ಈಗ ಕತ್ತರಿಸಿ" ಎಂದ. "ನೀನು ಮಾತ್ರ ನಿಲ್ಲಿಸ್ಬೇಡ ಅಕ್ಕಾ. ಕರೀತಾನೇ ಇರು."