ಕಡಲೆಬೀಜವಿಲ್ಲದ ಶಾಲೆ

"ಯಾರು ಅಂತ ನನಗೆ ಬೇಡ ಸರ್. ಎಲ್ಲಿಂದ ಅಂತ ಹೇಳಿ, ಸಾಕು," ಎಂದ ಟೈಲರ್.

ಅಂಗಡಿಯಿಂದ ನೆಟ್ಟಗೆ ಬಂದಿದ್ದ. ಅಳತೆಯ ಟೇಪು ಇನ್ನೂ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಅವನೆದುರು ಗಂಧಕ ಮೇಷ್ಟ್ರು ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆಯೋ ಯೋಚನೆಯೋ ಎಂದು ಬಾಗಿಲಿಗೆ ಒರಗಿ ನಿಂತಿದ್ದ ಡ್ರಿಲ್ ಮೇಷ್ಟ್ರಿಗೆ ತಿಳಿಯಲಿಲ್ಲ. ಇಷ್ಟು ವರ್ಷದ ಸ್ನೇಹದಲ್ಲಿ ಅದು ಅವರಿಗೆ ಒಮ್ಮೆಯೂ ತಿಳಿದಿರಲಿಲ್ಲ.

ಗಂಧಕ ಮೇಷ್ಟ್ರು ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಪ್ರಯೋಗಶಾಲೆಯ ಹಿಂದಿನ ಕೋಣೆಯನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿನ ಸೀಸೆಗಳನ್ನು ಮುಟ್ಟುವ ಧೈರ್ಯ ಹೊಸಬರಿಗೆ ಇರಲಿಲ್ಲವಾದ್ದರಿಂದ ಬಿಡಿ ಎಂದು ಯಾರೂ ಕೇಳಿರಲೂ ಇಲ್ಲ. ಮೀನಿನ ತೊಟ್ಟಿಯ ಮೀನುಗಳು ಒಂದೇ ದಿನ ಸತ್ತಾಗ, ಶಾಲೆಯ ಗಂಟೆಯೇ ಕಾಣೆಯಾದಾಗ ಜನ ಹೋಗಿ ತಟ್ಟಿದ್ದು ಆ ಕೋಣೆಯ ಬಾಗಿಲನ್ನೇ. ಹೋಗುವಾಗ ಡ್ರಿಲ್ ಮೇಷ್ಟ್ರನ್ನು ಜೊತೆಗೆ ಕರೆದೊಯ್ಯುವುದು ವಾಡಿಕೆ, ಏಕೆಂದರೆ ಗಂಧಕ ಮೇಷ್ಟ್ರಿಗೆ ಅವರ ತಪ್ಪು ಉತ್ತರಗಳು ಬೇಕಾಗುತ್ತಿದ್ದವು. "ನಿಮ್ಮ ತಲೆ ನನಗೆ ಸೋಸುಬಟ್ಟೆ ಇದ್ದ ಹಾಗೆ ಕಣ್ರೀ. ಕಸ ಎಲ್ಲ ಅಲ್ಲಿ ನಿಂತ್ರೆ ನನಗೆ ತಿಳಿ ಸಿಗುತ್ತೆ," ಎನ್ನುತ್ತಿದ್ದರು. ಇದು ಹೊಗಳಿಕೆಯೋ ಬೈಗುಳವೋ, ಅದೂ ಡ್ರಿಲ್ ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಟೈಲರನ ಮಗಳಿಗೆ ಕಡಲೆಬೀಜ ಆಗದು. ಆಗದು ಎಂದರೆ ಹೊಟ್ಟೆನೋವಲ್ಲ. ಚೂರೇ ಚೂರು ಒಳಗೆ ಹೋದರೂ ಗಂಟಲು ಮುಚ್ಚಿಕೊಳ್ಳುತ್ತದೆ. ಅವಳು ಸೇರಿದ ವರ್ಷದಿಂದ ಶಾಲೆಯೊಳಗೆ ಕಡಲೆಬೀಜಕ್ಕೆ ನಿಷೇಧ. ಬೆಳಿಗ್ಗೆ ಗೇಟಿನಲ್ಲಿ ಮಕ್ಕಳ ಡಬ್ಬಿಗಳ ತಪಾಸಣೆ. ಊಟದ ಹಾಲ್‌ನ ಕಿಟಕಿ ಪಕ್ಕ ಅವಳದೇ ಒಂದು ಮೇಜು, ಅದಕ್ಕೆ ಬೇರೆಯದೇ ಒರೆಸುವ ಬಟ್ಟೆ. ಆರೋಗ್ಯದ ಕೋಣೆಯ ಕಪಾಟಿನಲ್ಲಿ ಅವಳ ಫೋಟೋ ಅಂಟಿಸಿದ ಪೆಟ್ಟಿಗೆ, ಅದರೊಳಗೆ ತೊಡೆಗೆ ಒತ್ತುವ ಚುಚ್ಚುಮದ್ದಿನ ಪೆನ್ನು.

ಇಷ್ಟಿದ್ದೂ ಮೊನ್ನೆ ಊಟದ ಗಂಟೆ ಹೊಡೆದು, ಹುಡುಗಿ ತನ್ನ ಮೇಜಿಗೆ ಕೂತು, ನೋಡನೋಡುತ್ತಿದ್ದಂತೆ ಮುಖ ಊದಿಕೊಂಡು ಕೆಳಗೆ ಜಾರಿದ್ದಳು. ನರ್ಸ್ ಸಿಸ್ಟರ್ ಪೆನ್ನು ಹಿಡಿದು ಓಡಿ ಬಂದು ಒತ್ತಿದ್ದರಿಂದ ಜೀವ ಉಳಿಯಿತು. ಆಸ್ಪತ್ರೆಯಿಂದ ಮನೆಗೆ ಬಂದು ಈಗ ಚೆನ್ನಾಗಿಯೇ ಇದ್ದಳು.

"ಅವರಮ್ಮ ಡಬ್ಬಿ ಕಟ್ಟೋಕೇ ಹೆದರ್ತಿದಾಳೆ ಸರ್," ಎಂದ ಟೈಲರ್. "ತೂತು ಎಲ್ಲಿದೆ ಅಂತ ಗೊತ್ತಾದ್ರೆ ತೇಪೆ ಹಾಕಬಹುದು. ಗೊತ್ತಿಲ್ಲದೆ ಏನು ಮಾಡ್ಲಿ? ಇವತ್ತು ಶಾಲೆ ಬಿಡೋದರೊಳಗೆ ಹೇಳಿ. ಇಲ್ಲಾಂದ್ರೆ ಟಿ.ಸಿ. ತಗೊಂಡು ಹೋಗ್ತೀನಿ. ಬೇರೆ ಶಾಲೆಯೋರು ಯಾರೂ ಸೇರಿಸ್ಕೊಳ್ಳಲ್ಲ, ಕೇಳಿ ಬಂದಿದೀನಿ. ಮನೇಲೇ ಇರ್ತಾಳೆ."

ಗಂಧಕ ಮೇಷ್ಟ್ರು ಕಣ್ಣು ತೆರೆದು, ಸಂಜೆ ಮಗಳನ್ನೂ ಕರೆದುಕೊಂಡು ಬಾ ಎಂದಷ್ಟೇ ಹೇಳಿದರು.

ವರಾಂಡಕ್ಕೆ ಬಂದ ಕೂಡಲೇ ಡ್ರಿಲ್ ಮೇಷ್ಟ್ರು ತಮ್ಮ ಮೊದಲ ಉತ್ತರ ಕೊಟ್ಟರು: ಅಡುಗೆಯಮ್ಮ. ಒಬ್ಬಳಿಗೆ ನೆಗಡಿಯಾದರೆ ಊರಿಗೆಲ್ಲ ಕಷಾಯ ಎಂದು ಆಕೆ ನಿಷೇಧವನ್ನು ಆಡಿಕೊಂಡದ್ದನ್ನು ಅವರೇ ಕೇಳಿದ್ದರು. ಆದರೆ ಹುಡುಗಿ ಶಾಲೆಯ ಅಡುಗೆ ತಿನ್ನುವುದೇ ಇಲ್ಲವಲ್ಲ ಎಂದರು ಗಂಧಕ ಮೇಷ್ಟ್ರು. ಹಾಗಾದರೆ ಮನೆಯ ಡಬ್ಬಿಯಲ್ಲೇ ಏನೋ ಬಂದಿರಬೇಕು ಎಂದು ಡ್ರಿಲ್ ಮೇಷ್ಟ್ರು ಎರಡನೆಯದಕ್ಕೆ ಹಾರಿದರು.

ಆರೋಗ್ಯದ ಕೋಣೆಯಲ್ಲಿ ಸಿಸ್ಟರ್ ಹಾಸಿಗೆಯ ಮೇಲಿನ ಚಾದರವನ್ನು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಿಸುತ್ತಿದ್ದರು. ಮೊನ್ನೆಯಿಂದ ಪ್ರತಿಯೊಬ್ಬರೂ ಬಂದು ಪೆನ್ನು ಎಷ್ಟು ಬೇಗ ಒತ್ತಿದಿರಿ ಎಂದು ಕೇಳಿದ್ದರಂತೆ. ಹುಡುಗಿಗೆ ಮೊದಲು ಏನಾಯಿತು ಎಂದು ಕೇಳಿದವರು ಯಾರೂ ಇರಲಿಲ್ಲ.

"ತುಟಿ," ಎಂದರು ಸಿಸ್ಟರ್. "ಮೊದಲು ತುಟಿ ಊದಿದ್ದು. ಆಮೇಲೆ ನಾಲಿಗೆ, ಗಂಟಲು. ಕೈ ನೋಡಿದೆ, ಒಂದು ಗುಳ್ಳೆ ಇರಲಿಲ್ಲ. ಡಬ್ಬಿ ಇಲ್ಲೇ ಫ್ರಿಜ್‌ನಲ್ಲಿಟ್ಟಿದೀನಿ, ನೋಡಿ."

ಡಬ್ಬಿ ತುಂಬಿತ್ತು. ಅಂಚಿನಲ್ಲಿ ಕೂಡ ಒಂದು ತುತ್ತು ಕದಲಿರಲಿಲ್ಲ. ಮುಚ್ಚಳ ತೆಗೆಯುವ ಮೊದಲೇ ಬಾಯಿ ತುರಿಸುತ್ತಿದೆ ಎಂದು ಹುಡುಗಿ ಪಕ್ಕದ ಮೇಜಿನವರಿಗೆ ಹೇಳಿದ್ದಳಂತೆ. ಊಟದ ಮೇಜಿನಲ್ಲಿ ಬಿದ್ದಳು ಎಂದ ಮೇಲೆ ಊಟದಿಂದಲೇ ಎಂದು ಇಡೀ ಶಾಲೆ ತೀರ್ಮಾನಿಸಿಬಿಟ್ಟಿತ್ತು. ಡ್ರಿಲ್ ಮೇಷ್ಟ್ರ ಎರಡನೆಯ ಉತ್ತರವೂ ಬಿದ್ದುಹೋಯಿತು. ಏನೂ ತಿನ್ನದೆ ತಿಂದದ್ದು ಹೇಗೆ?

ಅವರು ತಲೆ ಕೆರೆದುಕೊಳ್ಳುತ್ತ ಊಟದ ಹಾಲ್‌ಗೆ ಹೋಗಿ ಆ ಮೇಜಿನ ಸುತ್ತ ಒಂದು ಸುತ್ತು ಬಂದರು. ಆಗ ಕಿಟಕಿಯ ಗಾಜಿನಾಚೆ ಕಂಡಿತು: ಹೊರಗಿನ ಅಂಚಿನಲ್ಲಿ ಒಂದು ಮಣ್ಣಿನ ತಟ್ಟೆ, ಅದರಲ್ಲಿ ಕಾಳು, ಕಾಳಿನ ನಡುವೆ ಒಡೆದ ಕಡಲೆಬೀಜ. ಹಕ್ಕಿಗಳಿಗೆಂದು ಇಟ್ಟವರು ಚಿತ್ರಕಲೆಯ ಟೀಚರ್. ಗೇಟಿನಲ್ಲಿ ಮಕ್ಕಳ ಚೀಲ ನೋಡುತ್ತಾರೆಯೇ ಹೊರತು ಟೀಚರ್‌ಗಳದ್ದಲ್ಲ. ಕೇಳಿದಾಗ ಆಕೆಯ ಮುಖ ಸುಣ್ಣ ಬಳಿದಂತಾಯಿತು; ಹಕ್ಕಿಗಳಿಗೆ ಕಾಳಿಡುವಾಗ ತಮಗೆ ಆ ಹುಡುಗಿ ನೆನಪಾಗಲೇ ಇಲ್ಲವೆನ್ನುತ್ತ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

ಡ್ರಿಲ್ ಮೇಷ್ಟ್ರು ಗೆದ್ದ ತಂಡದ ನಾಯಕನಂತೆ ತಿರುಗಿ ನೋಡಿದರು. ಗಂಧಕ ಮೇಷ್ಟ್ರು ಕಿಟಕಿಯ ಚಿಲಕವನ್ನು ಎಳೆಯುತ್ತಿದ್ದರು. ಅದು ತುಕ್ಕು ಹಿಡಿದು ಚೌಕಟ್ಟಿನ ಜೊತೆ ಒಂದಾಗಿತ್ತು. ಆ ಮೇಜು ಅಲ್ಲಿಗೆ ಬಂದಾಗಿನಿಂದ ಧೂಳು ಬರಬಾರದೆಂದು ಕಿಟಕಿಯನ್ನು ತೆರೆದೇ ಇರಲಿಲ್ಲ. ಮೇಲಾಗಿ ಕೈಯಿಂದ ಬಂದಿದ್ದರೆ ಕೈ ಮೇಲೂ ಗುರುತಿರಬೇಕಿತ್ತು.

"ಟೀಚರಮ್ಮ ನಮಗೊಂದು ಉಪಕಾರ ಮಾಡಿದ್ರು," ಎಂದರು ಅವರು. "ಕಡಲೆಬೀಜವಿಲ್ಲದ ಶಾಲೇಲಿ ಕಡಲೆಬೀಜ ಇದೆ ಅಂತಾಯ್ತು. ಬನ್ನಿ, ಗೇಟಿಗೆ ಹೋಗೋಣ."

ಗೇಟಿನಲ್ಲಿ ಕಾವಲಿನ ಗೇಟಣ್ಣ ಇದ್ದ. ಎಲ್ಲರಿಗೂ ಅವನು ಗೇಟಣ್ಣನೇ, ಹೆಡ್ ಮೇಡಂಗೂ. ಇವರು ಕರೆದಾಗ ಏನನ್ನೋ ನುಂಗಿ, ಆಮೇಲೆ ನಮಸ್ಕಾರ ಹೇಳಿದ. ಬೆಳಿಗ್ಗೆ ಡಬ್ಬಿಗಳಲ್ಲಿ ಏನಾದರೂ ಸಿಕ್ಕಿತೇ ಎಂದರೆ, ದಿನಾ ಸಿಗುತ್ತದೆ, ತಾಯಂದಿರು ಮರೆಯುತ್ತಾರೆ, ಬಿಸ್ಕತ್ತಿನಲ್ಲಿ ಹಾಕಿರುತ್ತಾರೆ, ಹುರಿದು ಕಟ್ಟಿರುತ್ತಾರೆ, ಒಂದನ್ನೂ ಒಳಗೆ ಬಿಟ್ಟಿಲ್ಲ, ಬೇಕಾದರೆ ಕಣ್ಣು ಮುಟ್ಟಿ ಹೇಳುತ್ತೇನೆ ಎಂದ. ತೆಗೆದಿಡುವ ಬುಟ್ಟಿ ಅವನ ಸ್ಟೂಲಿನ ಪಕ್ಕದಲ್ಲಿತ್ತು, ಖಾಲಿ. ಅಷ್ಟರಲ್ಲಿ ಲಾರಿಯೊಂದು ಗೇಟಿಗೆ ಅಡ್ಡ ನಿಲ್ಲಲು ಬಂತು. ಅವನು ಸೀಟಿ ಊದುತ್ತ ಅದರ ಹಿಂದೆ ಓಡಿದ.

ಇವನಂಥ ನಿಯತ್ತಿನ ಮನುಷ್ಯ ಸಿಗುವುದಿಲ್ಲ ಎಂದು ಡ್ರಿಲ್ ಮೇಷ್ಟ್ರು ಮೆಚ್ಚಿಕೊಂಡರು. ಮೈದಾನ ದಾಟಿ ಮರಳುವಾಗ, ಮೊನ್ನೆ ಊಟಕ್ಕೆ ಮುಂಚಿನ ಪೀರಿಯಡ್ಡಿನಲ್ಲಿ ಆ ತರಗತಿಗೆ ಏನಿತ್ತು ಎಂದು ಗಂಧಕ ಮೇಷ್ಟ್ರು ಕೇಳಿದರು.

"ನಂದೇ. ಫುಟ್‌ಬಾಲ್. ಆ ಹುಡುಗಿ ರೆಫರಿ. ಪ್ರತಿ ಸಲ ಅವಳನ್ನ ಒಂದು ಕಡೆ ಕೂರಿಸ್ತಾರಲ್ಲ, ಇದಾದ್ರೂ ಇರಲಿ ಅಂತ ನಾನೇ ಮಾಡಿದ್ದು. ಆಟ ಶುರುವಾಗಿದ್ದೇ ತಡವಾಗಿ. ನನ್ನ ಸೀಟಿ ಗುಂಡು ಸಿಕ್ಕಿಕೊಂಡು ಬರೀ ಉಸ್ ಅಂತಿತ್ತು. ಗೇಟಿಗೆ ಓಡಿ ಹೋಗಿ ಇಸ್ಕೊಂಡು ಬರೋ ಹೊತ್ತಿಗೆ ಇಬ್ಬರು ಹುಡುಗರು ಜಗಳಕ್ಕೆ ಬಿದ್ದು... ಅಲ್ಲ, ಅವರನ್ನ ಕರೆಸಿ ಕೇಳೋಣವಾ? ಅದರಲ್ಲಿ ಒಬ್ಬನಿಗೆ ಅವಳ ಮೇಲೆ ಸಿಟ್ಟಿತ್ತು."

ತಿರುಗಿ ನೋಡಿದರೆ ಗಂಧಕ ಮೇಷ್ಟ್ರು ಗೋಲಿನ ಕಂಬದ ಹತ್ತಿರ ಹಿಂದೆಯೇ ನಿಂತುಬಿಟ್ಟಿದ್ದರು. ಸಂಜೆ ಎಲ್ಲರನ್ನೂ ಆರೋಗ್ಯದ ಕೋಣೆಗೆ ಸೇರಿಸಿ ಎಂದರು. ಡ್ರಿಲ್ ಮೇಷ್ಟ್ರು ಮಧ್ಯಾಹ್ನವಿಡೀ ಆ ಇಬ್ಬರು ಹುಡುಗರ ಮುಖವನ್ನು ಅನುಮಾನದಿಂದ ನೋಡುತ್ತ ಕಳೆದರು. ಹುಡುಗರು ಹೆದರಿ, ಯಾವತ್ತೋ ಒಡೆದ ಟ್ಯೂಬ್‌ಲೈಟನ್ನು ಒಪ್ಪಿಕೊಂಡರು.

ಶಾಲೆ ಬಿಟ್ಟಿತು. ಆರೋಗ್ಯದ ಕೋಣೆಯ ಎರಡು ಹಾಸಿಗೆಗಳ ಮೇಲೆ ಹೆಡ್ ಮೇಡಂ, ಚಿತ್ರಕಲೆಯ ಟೀಚರ್, ಅಡುಗೆಯಮ್ಮ ಸಾಲಾಗಿ ರೋಗಿಗಳಂತೆ ಕೂತರು. ಸಿಸ್ಟರ್ ಕಪಾಟಿನ ಪಕ್ಕ, ಗೇಟಣ್ಣ ಬಾಗಿಲಲ್ಲಿ. ಟೈಲರ್ ಮಗಳ ಕೈ ಹಿಡಿದು ಬಂದ. ಅವಳ ತುಟಿ ಇನ್ನೂ ಒಂದಿಷ್ಟು ದಪ್ಪಗಿತ್ತು. ಗಂಧಕ ಮೇಷ್ಟ್ರು ಮೇಜಿನ ಮೇಲೆ ನೀರು ತುಂಬಿದ ಗಾಜಿನ ಬಟ್ಟಲು ಇಟ್ಟಿದ್ದರು.

"ಊಟದಿಂದ ಅಲ್ಲ," ಎಂದು ಶುರುಮಾಡಿದರು. "ಡಬ್ಬಿ ತುಂಬಿದೆ. ಅವರಮ್ಮ ಡಬ್ಬಿ ಕಟ್ಟೋಕೆ ಇನ್ನು ಹೆದರಬೇಕಾಗಿಲ್ಲ. ಹಕ್ಕಿ ಕಾಳಿಂದಲೂ ಅಲ್ಲ, ಕಿಟಕಿ ತೆಗೆಯಲ್ಲ, ಕೈ ಮೇಲೆ ಏನೂ ಎದ್ದಿಲ್ಲ. ತುಟಿ ಮೊದಲು ಊದಿದೆ. ಅಂದ್ರೆ ತಿನ್ನೋ ವಸ್ತು ಅಲ್ಲದ ಏನನ್ನೋ ಇವಳು ಬಾಯಿಗೆ ಇಟ್ಟಿದಾಳೆ, ಊಟಕ್ಕೆ ಸ್ವಲ್ಪ ಮುಂಚೆ. ಆಗ ಇದ್ದದ್ದು ಆಟ."

ಆಮೇಲೆ ಅವರು ಗೇಟಿನ ಕತೆ ಹೇಳಿದರು. ಇಡೀ ಶಾಲೆಗೆ ಬರುವ ಕಡಲೆಬೀಜವೆಲ್ಲ ದಿನವೂ ಒಂದು ಬುಟ್ಟಿಗೆ ಬೀಳುತ್ತದೆ. ಆ ಬುಟ್ಟಿ ಮಧ್ಯಾಹ್ನದ ಮೊದಲೇ ಖಾಲಿ. ಸುತ್ತ ಕಸವಿಲ್ಲ, ಪೊಟ್ಟಣವಿಲ್ಲ. ಎಲ್ಲಿ ಹೋಯಿತು?

ಗೇಟಣ್ಣ ಎಲ್ಲರ ಮುಖ ನೋಡಿದ. "ನಾನೇ ತಿಂತೀನಿ ಸರ್," ಎಂದ. "ಮಕ್ಕಳ ಬಾಯಿಂದ ಕಿತ್ಕೊಂಡ ಅನ್ನ, ಎಸೆಯೋಕೆ ಮನಸ್ಸು ಬರಲ್ಲ. ಗೇಟಿನ ಆಚೆ ನಿಂತೇ ತಿಂತೀನಿ. ಒಳಗೆ ಒಂದು ಸಿಪ್ಪೆ ತಂದಿಲ್ಲ. ಹೊಟ್ಟೆಗೆ ಹೋಯ್ತು ಅಂದ್ರೆ ಮುಗೀತಲ್ಲ ಸರ್?"

"ಬಾಯಲ್ಲಿ ಉಳಿಯುತ್ತಪ್ಪ. ನಿನ್ನ ಸೀಟಿ ಕೊಡು."

ಗಂಧಕ ಮೇಷ್ಟ್ರು ಸೀಟಿಯನ್ನು ನೀರಿನಲ್ಲಿ ಮುಳುಗಿಸಿ, ಕುಲುಕಿ, ಮತ್ತೆ ಮುಳುಗಿಸಿದರು. ನೀರು ಮೊದಲು ಕದಡಿತು. ಬಳಿಕ ಒಳಗಿನ ಗುಂಡಿನ ಪಕ್ಕದಿಂದ ಬಿಟ್ಟುಕೊಂಡ ಕೆಂಪನೆಯ ತೆಳು ಸಿಪ್ಪೆಯ ಚೂರೊಂದು ಮೇಲೆ ಬಂದು, ಸುಮ್ಮನೆ ತಿರುಗುತ್ತ ತೇಲಿತು.

ಡ್ರಿಲ್ ಮೇಷ್ಟ್ರು ಆ ಚೂರನ್ನೇ ನೋಡುತ್ತಿದ್ದರು. ಅದು ಎಲ್ಲಿಂದ ಬಂತೆಂದು ಗೊತ್ತಾಗಿತ್ತು, ಆದರೆ ಆ ಸೀಟಿ ಹುಡುಗಿಯ ಬಾಯಿಗೆ ಹೋದದ್ದು ಹೇಗೆಂಬುದು ಅವರ ತಲೆಯೊಳಗೆ ಇಳಿಯಲು ಬೇರೆಲ್ಲರಿಗಿಂತ ಹೆಚ್ಚು ಹೊತ್ತು ಬೇಕಾಯಿತು. ಇಳಿದಾಗ ಅವರು ಗೋಡೆ ಹಿಡಿದುಕೊಂಡರು.

"ಗೇಟಿಂದ ಇಸ್ಕೊಂಡು ಬಂದು, ಅಂಗಿಗೆ ಒರೆಸಿ ಅವಳಿಗೆ ಕೊಟ್ಟಿದ್ದೆ," ಎಂದರು, ಯಾರಿಗೆ ಹೇಳುತ್ತಿದ್ದೇನೆ ಎಂದು ತಿಳಿಯದವರಂತೆ. "ಚೆನ್ನಾಗಿ ಒರೆಸಿದ್ದೆ."

"ಒಳಗೆ ಒರೆಸೋಕಾಗಲ್ಲ," ಎಂದರು ಗಂಧಕ ಮೇಷ್ಟ್ರು, ಮೆಲ್ಲಗೆ. "ಇಲ್ಲಿ ಕೆಟ್ಟವರು ಯಾರೂ ಇಲ್ಲ. ಒಬ್ಬರು ನಿಯಮ ಪಾಲಿಸಿದ್ರು, ಅನ್ನಕ್ಕೆ ಮರ್ಯಾದೆ ಕೊಟ್ರು. ಇನ್ನೊಬ್ಬರು ಮಗೂನ ಆಟಕ್ಕೆ ಸೇರಿಸಿದ್ರು. ನಾವೆಲ್ಲ ಸೇರಿ ಶಾಲೆಯ ಕಡಲೆಬೀಜನೆಲ್ಲ ಗುಡಿಸಿ ಒಂದೇ ಬಾಯಿಗೆ ತುಂಬಿದ್ವಿ, ಆ ಬಾಯಿಗೊಂದು ಸೀಟಿ ಕೊಟ್ವಿ."

ಹೆಡ್ ಮೇಡಂ ಎದ್ದು, ಗೇಟಣ್ಣನ ವಿಷಯವನ್ನು ಆಡಳಿತ ಮಂಡಳಿ ನೋಡಿಕೊಳ್ಳುತ್ತದೆ, ನಾಳೆಯಿಂದ ಬರುವುದು ಬೇಡ ಎಂದು ಹೇಳತೊಡಗಿದರು. ಸಿಸ್ಟರ್ ತಡೆದರು. ಹಾಗಾದರೆ ನಾಳೆ ಬರುವ ಹೊಸಬನಿಗೆ ಇದೆಲ್ಲ ಏನೂ ಗೊತ್ತಿರುವುದಿಲ್ಲ ಎಂದರು. ಸಿಕ್ಕಿದ್ದನ್ನು ಗೇಟಿನಲ್ಲಿ ಇಟ್ಟುಕೊಳ್ಳದೆ ಮಗುವನ್ನು ಕರೆತಂದ ಹಿರಿಯರ ಕೈಗೇ ವಾಪಸು ಕೊಡಬೇಕು, ಹುಡುಗಿಯ ಬಾಯಿಗೆ ಮುಟ್ಟುವ ಯಾವುದನ್ನೂ ಹಂಚಿಕೊಳ್ಳಬಾರದು, ಪೆನ್ನು ಒತ್ತುವುದನ್ನು ಟೀಚರ್‌ಗಳಿಗಷ್ಟೇ ಅಲ್ಲ, ಗೇಟಿನಲ್ಲಿ ನಿಲ್ಲುವವನಿಗೂ ಕಲಿಸಬೇಕು. ಇದನ್ನು ಮೊದಲೇ ಕೇಳದ್ದು ತಮ್ಮದೇ ತಪ್ಪು ಎಂದೂ ಸೇರಿಸಿದರು.

ಎಲ್ಲರೂ ಟೈಲರನ ಕಡೆ ನೋಡಿದರು. ಅವನು ಬಟ್ಟಲಿನ ಹತ್ತಿರ ಹೋಗಿ ಬಗ್ಗಿ, ಬಟ್ಟೆಯ ನೇಯ್ಗೆ ನೋಡುವವನಂತೆ ಆ ಚೂರನ್ನು ನೋಡಿದ. ಗೇಟಣ್ಣನ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ತನ್ನ ಕೈಯನ್ನೇ ನಂಬದವನಂತೆ ಹಾಗೇ ಬಿಟ್ಟಿದ್ದ.

"ಆ ಕಲಿಯೋ ಪೆನ್ನು ಎಲ್ಲಿದೆ ಸಿಸ್ಟರ್?" ಎಂದ ಟೈಲರ್. "ಸೂಜಿ ಇಲ್ಲದ್ದು."

ಸಿಸ್ಟರ್ ಕೊಟ್ಟರು. ಅವನು ಅದನ್ನು ಗೇಟಣ್ಣನ ಕೈಯಲ್ಲಿಟ್ಟು, ಸ್ಟೂಲ್ ಎಳೆದು ಕೂತು, ತನ್ನ ತೊಡೆ ತೋರಿಸಿದ. "ಇಲ್ಲಿ. ಒತ್ತು ಅಣ್ಣ."

ಗೇಟಣ್ಣ ಒತ್ತಿದ. ಸದ್ದೇ ಬರಲಿಲ್ಲ.

"ನೋವಾಗುತ್ತೆ ಅಂತ ನೋಡಬೇಡ. ಹೆದರಿದ್ರೆ ಮದ್ದು ಒಳಗೆ ಹೋಗಲ್ಲ. ಗಟ್ಟಿಯಾಗಿ."

ಎರಡನೇ ಸಲ ಟಕ್ ಎಂದಿತು. ಗೇಟಣ್ಣ ಗಾಬರಿಯಾಗಿ ಕೂಡಲೇ ಎತ್ತಿಬಿಟ್ಟ.

"ಎತ್ತಬಾರದು ಗೇಟಣ್ಣ," ಎಂದಳು ಹುಡುಗಿ. ಸಂಜೆಯಿಂದ ಅವಳ ಮೊದಲ ಮಾತು. "ನಿಧಾನ ಎಣಿಸ್ಬೇಕು. ಜೋರಾಗಿ ಎಣಿಸಿ, ಇಲ್ಲಾಂದ್ರೆ ನನಗೆ ಹೇಗೆ ಗೊತ್ತಾಗುತ್ತೆ?"

ಅವನು ಮತ್ತೆ ಒತ್ತಿ ಹಿಡಿದು ಎಣಿಸತೊಡಗಿದ. ಟೈಲರ್ ತನ್ನ ಕೈಯನ್ನು ಅವನ ಕೈ ಮೇಲೆ ಇಟ್ಟಿದ್ದ. ಮುಂದಿನದು ಡ್ರಿಲ್ ಮೇಷ್ಟ್ರ ಸರದಿ ಎಂದಳು ಹುಡುಗಿ, ಅವರ ಕಡೆ ನೋಡದೆ. ಡ್ರಿಲ್ ಮೇಷ್ಟ್ರು ಗೋಡೆ ಬಿಟ್ಟು ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಸಾಲಿನಲ್ಲಿ ನಿಂತರು.

ಟಿ.ಸಿ. ಕೇಳದೆಯೇ ಟೈಲರ್ ಹೊರಟುಹೋದದ್ದು ಅವರಿಗೆ ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ, ಮನೆಗೆ ಹೋಗುವ ಬೀದಿಯ ತಿರುವಿನಲ್ಲಿ.